ಜೊತೆಗೆ ಒಬ್ಬರು

"ಇನ್ನೊಂದ್ಸಲ ಓದು," ಎಂದಳು ಸೆಲೂಕಾ.

ನರ್ಸ್ ವಾಯೆಗಾ ಕಾಗದವನ್ನು ಮೂರನೆಯ ಸಲ ಓದಿದಳು. ರೋಗಿಯ ಹೆಸರು ತಿಲಿಯಾ, ವಯಸ್ಸು ಏಳು, ಊರು ನಿಯುತಾವೊ ದ್ವೀಪ. ಹೃದಯದ ಕವಾಟದ ಶಸ್ತ್ರಚಿಕಿತ್ಸೆ, ಕಡಲಾಚೆಯ ಸುವಾ ನಗರದ ಆಸ್ಪತ್ರೆಯಲ್ಲಿ. ಜೊತೆಗೆ ಬರುವವರು ಒಬ್ಬರು ಮಾತ್ರ: ತಾಯಿ ಲೋಸಾ.

"ತಾಯಿ ನಾನು."

"ನಂಗೊತ್ತಿಲ್ವಾ ಅಕ್ಕಾ? ಇಡೀ ದ್ವೀಪಕ್ಕೇ ಗೊತ್ತು. ಆದ್ರೆ ಎದೆ ಕೊಯ್ಯೋ ಮುಂಚೆ ರುಜು ಹಾಕ್ಬೇಕಾದವ್ರು ಜನನಪತ್ರದಲ್ಲಿ ಇರೋವ್ರು. ಸುವಾದವ್ರಿಗೆ ನಮ್ಮನೆ ವಿಷಯ ಏನು ಗೊತ್ತು?"

ಲೋಸಾ ಸೆಲೂಕಾಳ ತಂಗಿ. ಏಳು ವರ್ಷದ ಹಿಂದೆ, ಹೆತ್ತ ಹತ್ತನೆಯ ದಿನ, ಮಗುವನ್ನು ಚಾಪೆಯ ಸಮೇತ ತಂದು ಮಕ್ಕಳಿಲ್ಲದ ಅಕ್ಕನ ಮಡಿಲಲ್ಲಿಟ್ಟಿದ್ದಳು. ದ್ವೀಪದಲ್ಲಿ ಇದು ಮೊದಲಿನಿಂದಲೂ ನಡೆದುಬಂದದ್ದು. ಅದಕ್ಕೆಂದು ಯಾರೂ ಕಾಗದ ಮಾಡಿಸಿಕೊಂಡವರಲ್ಲ.

"ಹೆಸರು ಬದಲಾಯ್ಸು ಮತ್ತೆ."

"ಮೂರು ತಿಂಗ್ಳು ಹಿಡಿಯತ್ತೆ. ಹೊರದೇಶದ ಡಾಕ್ಟ್ರುಗಳು ಸುವಾದಲ್ಲಿ ಇರೋದು ಹತ್ತೇ ದಿನ. ಸುತ್ತಲಿನ ಎಲ್ಲಾ ದೇಶದ ಮಕ್ಕಳೂ ಅಷ್ಟರಲ್ಲೇ. ನಮ್ಮ ಪಾಲಿಗೆ ಬಂದಿರೋದು ಎರಡು ಜಾಗ. ಮುಂದಿನ ವರ್ಷ ಅಂದ್ರೆ..." ವಾಯೆಗಾ ದಿಂಬುಗಳಿಗೊರಗಿ ಕೂತಿದ್ದ ತಿಲಿಯಾಳ ಕಡೆ ನೋಡಿ ಮಾತು ನಿಲ್ಲಿಸಿದಳು. ನಾಲ್ಕು ಹೆಜ್ಜೆ ನಡೆದರೆ ಹುಡುಗಿಯ ತುಟಿ ನೀಲಿಗಟ್ಟುತ್ತಿತ್ತು.

ಲೋಸಾ ಕಂಬ ಹಿಡಿದು ನಿಂತಿದ್ದಳು. "ನಾನೇನು ಕೇಳ್ಕೊಂಡಿದ್ದಲ್ಲ ಅಕ್ಕಾ. ಅವಳಿಗೆ ಏನು ಸೇರತ್ತೆ ಅನ್ನೋದೂ ನಂಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಕೂತ್ಕೊಂಡು ಕೇಳು."

ಸೆಲೂಕಾ ಹೇಳತೊಡಗಿದಳು. ಮೀನಿನ ಮುಳ್ಳನ್ನು ಎರಡೆರಡು ಸಲ ನೋಡಬೇಕು. ಎಡಮಗ್ಗುಲಿಗೆ ಮಲಗಿಸಿದರೆ ಉಸಿರು ಕಟ್ಟುತ್ತದೆ. ಸೂಜಿ ಹಾಕುವಾಗ ನೋವಾಗಲ್ಲ ಎಂದು ಸುಳ್ಳು ಹೇಳಬಾರದು, ನೋವಾಗುತ್ತದೆ ಎಂದೇ ಹೇಳಿ ಕೈ ಹಿಡಿದುಕೊಳ್ಳಬೇಕು. "ಮತ್ತೆ, ಗೊರಕೆ ಹೊಡೀಬೇಡ ಮಾರಾಯ್ತಿ. ನಿನ್ನ ಗಂಡ ಸಹಿಸ್ಕೋತಾನೆ, ಅವಳು ಹೆದರ್ಕೋತಾಳೆ."

ಲೋಸಾ ನಗಲು ಹೋಗಿ ಅತ್ತುಬಿಟ್ಟಳು. ಸೆಲೂಕಾ ಅವಳನ್ನು ಸಮಾಧಾನ ಮಾಡಲಿಲ್ಲ. ಮಗಳ ಪಕ್ಕ ಹೋಗಿ ಕೂತಳು.

"ಆಸ್ಪತ್ರೇಲಿ ಅಮ್ಮ ಯಾರು ಅಂತ ಕೇಳ್ತಾರೆ. ಚಿಕ್ಕಮ್ಮನ್ನ ತೋರ್ಸು. ಅಮ್ಮಾ ಅಂತ್ಲೇ ಕರಿ."

"ನಿನ್ನನ್ನ?"

"ನಾನಲ್ಲಿ ಇರಲ್ವಲ್ಲ ಪುಟ್ಟೀ."

ತಿಲಿಯಾ ಯೋಚಿಸಿದಳು. "ಎಷ್ಟು ದಿನ ಕರೀಬೇಕು?"

"ವಾಪಸ್ ಬರೋ ತನ್ಕ."

ಮಧ್ಯಾಹ್ನ ಹಡಗು ಹವಳದ ದಂಡೆಯಾಚೆ ನಿಂತಿತು. ಅಲ್ಲಿಯವರೆಗೆ ಜನರನ್ನು ಸಾಗಿಸುವ ದೋಣಿಯ ಹತ್ತಿರ ಮುದುಕ ಪುಲಫಗು ಎಲ್ಲರ ಮೇಲೂ ಕೂಗಾಡುತ್ತಿದ್ದ. "ಹಂದಿಮರಿ ಆಮೇಲೆ ಹತ್ಲಿ, ಮೊದ್ಲು ನಮ್ ರಾಣಿ ಬರ್ಲಿ!" ತಿಲಿಯಾಳನ್ನು ಎತ್ತಿ ಒಳಗೆ ಕೂರಿಸಿ ಕೇಳಿದ, "ಇವಳ ಜೊತೆ ಯಾರ್ರೀ ಹೋಗೋರು?"

ತಿಲಿಯಾ ಸೆಲೂಕಾಳ ಮುಖವನ್ನೇ ನೋಡುತ್ತಿದ್ದಳು.

"ಅವಳ ತಾಯಿ," ಎಂದಳು ಸೆಲೂಕಾ. ತಂಗಿಯ ರಟ್ಟೆ ಹಿಡಿದು ದೋಣಿ ಹತ್ತಿಸಿದಳು.

ಅಲೆಯೊಂದು ಹಿಂದೆ ಸರಿಯುವುದನ್ನೇ ಕಾದಿದ್ದು ಗಂಡಸರು ಇಕ್ಕೆಲದಲ್ಲೂ ನಿಂತು ದೋಣಿಯನ್ನು ನೂಕಿದರು. ಸೆಲೂಕಾಳೂ ನೂಕಿದಳು. ನೀರು ಸೊಂಟಕ್ಕೆ ಬಂದಾಗ ಮೋಟರು ಗುರುಗುಟ್ಟಿತು, ಗಂಡಸರೆಲ್ಲ ಕೈಬಿಟ್ಟು ಹಿಂದಿರುಗಿದರು. ಪುಲಫಗು ಏನೋ ಕೂಗಿದ. ಎದೆಮಟ್ಟದ ನೀರಿನಲ್ಲಿ ಸೆಲೂಕಾ ದೋಣಿಯ ಅಂಚನ್ನು ಹಿಡಿದು ಇನ್ನೂ ನಡೆಯುತ್ತಿದ್ದಳು.