ಎರಡು ಹೆಜ್ಜೆ ಹಿಂದೆ

ಮದುವೆಯಾದ ಮೊದಲ ವರ್ಷ ನನ್ನ ಗಂಡ ಶಿವಕಿರಣ್ ಮತ್ತು ನಾನು ಮನಸ್ಸು ಬಿಚ್ಚಿ ಮಾತಾಡಿದ್ದೆಲ್ಲ ಟಿವಿಯ ಮುಂದೆ ಕೂತು, ಪರದೆಯ ಮೇಲೆ ಒಬ್ಬರನ್ನೊಬ್ಬರು ಹೊಡೆಯುತ್ತಿದ್ದಾಗ.

ಬೋಗಾದಿಯ ಆ ಮನೆಯಲ್ಲಿ ನಮ್ಮ ಕೋಣೆಗೆ ಬಾಗಿಲಿರಲಿಲ್ಲ, ಹಳೆಯ ಸೀರೆಯೊಂದನ್ನು ಇಳಿಬಿಟ್ಟಿದ್ದರು. ಆಚೆ ನಡುಮನೆಯಲ್ಲಿ ಅತ್ತೆ ಗಿರಿಜಾಂಬಾ ಮಲಗುತ್ತಿದ್ದರು. ಅವರು ಮಗ್ಗುಲು ಬದಲಿಸಿದರೆ ನಮಗೆ ಕೇಳುತ್ತಿತ್ತು. ನಾವು ಪಿಸುಗುಟ್ಟಿದರೆ ಅವರಿಗೂ ಕೇಳುತ್ತದೆಂದು ನಾನು ಸುಮ್ಮನಿರುತ್ತಿದ್ದೆ. ಶಿವಕಿರಣ್ ಕೂಡ ಸುಮ್ಮನಿರುತ್ತಿದ್ದರು.

ಬೇಸಿಗೆ ರಜಕ್ಕೆ ಬಂದಿದ್ದ ನಾದಿನಿಯ ಮಕ್ಕಳು ಒಂದು ಟಿವಿ ಗೇಮನ್ನು ನಮ್ಮಲ್ಲೇ ಮರೆತು ಹೋದರು. ಎರಡು ಜಾಯ್‌ಸ್ಟಿಕ್, ಒಂದೇ ಕ್ಯಾಸೆಟ್. ಕ್ಯಾಸೆಟ್ಟಿನಲ್ಲಿ ಇಬ್ಬರು ಎದುರುಬದುರು ನಿಂತು ಗುದ್ದಾಡುವ ಆಟ. 2001ರ ಜುಲೈಯಲ್ಲಿ ಒಂದು ದಿನ ಅದನ್ನು ಟಿವಿಗೆ ಜೋಡಿಸಿದೆವು. ಸಂಜೆ ನನ್ನವರು ಕಡಕೊಳದ ಕಾರ್ಖಾನೆಯಿಂದ ಬಂದು ಮುಖ ತೊಳೆಯುವ ಹೊತ್ತಿಗೆ ಮಾವ ಲಿಂಗಪೂಜೆಗೆ ಕೂರುತ್ತಿದ್ದರು. ಅತ್ತೆ ಪಕ್ಕದ ಮನೆಯ ಸೋಮಮ್ಮನ ಜೊತೆ ಜಗಲಿಯಲ್ಲಿರುತ್ತಿದ್ದರು. ಮಾವ ಪೂಜೆ ಮುಗಿಸಿ ವಾರ್ತೆ ನೋಡಲು ಬರುವವರೆಗೆ ಅರ್ಧ ಗಂಟೆ ಟಿವಿ ನಮ್ಮದು.

ಇಬ್ಬರಿಗೂ ಆಡಲು ಬರುತ್ತಿರಲಿಲ್ಲ. ಕೈಗೆ ಸಿಕ್ಕ ಗುಂಡಿ ಒತ್ತುತ್ತಿದ್ದೆವು. ಮೊದಲ ದಿನ ನಾನು ಬಿದ್ದಾಗ ಅವರು ಏಳುವುದಕ್ಕೂ ಬಿಡದೆ ಮತ್ತೆ ಮತ್ತೆ ಹೊಡೆದರು. ಆಟವೆಂದು ಗೊತ್ತಿದ್ದರೂ ನಾನು ಜಾಯ್‌ಸ್ಟಿಕ್ ಕೆಳಗಿಟ್ಟೆ.

"ಬಿದ್ದೋರು ಎದ್ದು ನಿಲ್ಲೋವರೆಗೂ ನೀವು ಎರಡು ಹೆಜ್ಜೆ ಹಿಂದೆ ಹೋಗ್ಬೇಕು ಕಣ್ರೀ. ಇಲ್ದಿದ್ರೆ ನಾನಾಡಲ್ಲ," ಎಂದೆ.

ಅವರು ನಕ್ಕರು. ಅಂದಿನಿಂದ ನಮ್ಮ ಮನೆಯ ಕಾನೂನು ಅದು. ಒಬ್ಬರು ಬಿದ್ದರೆ ಇನ್ನೊಬ್ಬರು ಎರಡು ಹೆಜ್ಜೆ ಹಿಂದೆ ಸರಿದು ಕಾಯುವುದು. ಆ ಕಾಯುವ ಹೊತ್ತಿನಲ್ಲೇ ಮಾತು ಶುರುವಾಯಿತು. ಇಬ್ಬರ ಕಣ್ಣೂ ಟಿವಿಯ ಮೇಲಿರುವಾಗ, ಗುದ್ದಿನ ಸದ್ದು ನಮ್ಮ ದನಿಯನ್ನು ಮುಚ್ಚುವಾಗ, ಹೇಳಲಾಗದ್ದೆಲ್ಲ ಹೇಳಲು ಬರುತ್ತಿತ್ತು. ಕಾರ್ಖಾನೆಯಲ್ಲಿ ಮೇಲಧಿಕಾರಿಯೊಬ್ಬ ಎಲ್ಲರೆದುರು ಬೈದನೆಂದು ಅವರು ಹೇಳಿದರು. ನನಗೆ ಬರುವ ಕಾಗದಗಳನ್ನು ಅತ್ತೆ ಮೊದಲು ಓದುತ್ತಾರೆಂದು ನಾನು ಹೇಳಿದೆ. ಅವರು ಟಿವಿಯಿಂದ ಕಣ್ಣು ತೆಗೆಯದೆ, "ನಂಗೊತ್ತು, ನಂದೂ ಓದೋರು," ಎಂದರು. ಅವತ್ತು ನಾನು ಎಷ್ಟೋ ತಿಂಗಳ ಮೇಲೆ ಜೋರಾಗಿ ನಕ್ಕೆ. ದಿನವಿಡೀ ಆ ಅರ್ಧ ಗಂಟೆಗಾಗಿ ಕಾಯುತ್ತಿದ್ದೆ. ಅದು ತಪ್ಪಿಹೋದೀತೆಂಬ ಹೆದರಿಕೆಯೂ ಜೊತೆಗೇ ಇತ್ತು.

ನವೆಂಬರಿನಲ್ಲಿ, ವಿದ್ಯಾರ್ಥಿಗಳೇ ತುಂಬಿದ್ದ ನಮ್ಮ ಹಿಂದಿನ ರಸ್ತೆಯಲ್ಲಿ ಒಂದು ಗೇಮ್ ಪಾರ್ಲರ್ ಶುರುವಾಯಿತು. ಅಲ್ಲಿ ಅದೇ ಆಟದ ಪಂದ್ಯ ಇಟ್ಟಿದ್ದರು. ಮನೆಯಲ್ಲಿ ದಿನಾ ಆಡುತ್ತೇನಲ್ಲ ಎಂದು ನನ್ನ ಗಂಡ ಹೆಸರು ಕೊಟ್ಟರು. ಭಾನುವಾರ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿದ್ದ ಹೆಂಗಸು ನಾನೊಬ್ಬಳೇ. ಬಾಗಿಲ ಬಳಿ ಚಪ್ಪಲಿಗಳ ನಡುವೆ ನಿಂತು ನೋಡಿದೆ.

ಎದುರಾಳಿ ಮಹದೇವ ಎಂಬ ಕಾಲೇಜು ವಿದ್ಯಾರ್ಥಿ. ಇವರೇ ಮೊದಲು ಅವನನ್ನು ಬೀಳಿಸಿದರು. ಬೀಳಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಮಹದೇವ ಎದ್ದವನೇ ಒದ್ದ. ಇವರು ಬಿದ್ದರು. ಏಳುತ್ತಿದ್ದಂತೆ ಮತ್ತೆ ಒದ್ದ, ಏಳಲು ಬಿಡಲೇ ಇಲ್ಲ. ಎರಡನೆಯ ಸುತ್ತಿನಲ್ಲೂ ಹಾಗೇ ಆಯಿತು. ಹಿಂದೆ ಸರಿಯುತ್ತಿದ್ದುದು ಇವರಲ್ಲ, ಅಭ್ಯಾಸವಾಗಿಹೋದ ಇವರ ಹೆಬ್ಬೆರಳು.

"ಯಾಕಣ್ಣ, ಕೈ ಕೊಟ್ಟು ಎಬ್ಬಿಸ್ತೀಯಾ?" ಎಂದ ಮಹದೇವ.

"ಬುಡು ಕಣೋ," ಎಂದ ಹಿಂದಿದ್ದವನು, "ಅಣ್ಣ ಅಂಗೇ, ನೀರು ಕುಡಿಸಿ ಆಮೇಲೆ ಹೊಡೀತಾರೆ."

ಎಲ್ಲರೂ ನಕ್ಕರು. ಇವರೂ ನಕ್ಕರು, ಆದರೆ ಕಿವಿ ಕೆಂಪಾಗಿದ್ದುದು ನನಗೆ ಕಂಡಿತು. ಮನೆಗೆ ನಡೆದು ಬಂದೆವು. ಗೇಟು ತೆಗೆಯುವಾಗ, "ನಿನ್ನ ಜೊತೆ ಆಡಿ ಆಡಿ ನನ್ನ ಕೈ ಕೆಟ್ಟೋಗಿದೆ," ಎಂದರು. ಕೋಪವಿರಲಿಲ್ಲ ಆ ದನಿಯಲ್ಲಿ. ಕೋಪವಿದ್ದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಮರುದಿನದಿಂದ ಕಾನೂನು ಹೋಯಿತು. ಯುಗಾದಿ ಕಳೆದ ಮೇಲೆ ಇನ್ನೊಂದು ಪಂದ್ಯವಿತ್ತು. ಅವರಿಗೆ ಅಭ್ಯಾಸಕ್ಕೆ ಜನ ಬೇಕಿತ್ತು. ನಾನು ಬೀಳಬೇಕು, ಏಳಬೇಕು, ಏಳುವ ಕ್ಷಣಕ್ಕೆ ಸರಿಯಾಗಿ ಅವರು ಹೊಡೆಯಬೇಕು. ಅದನ್ನೇ ನಲವತ್ತು, ಐವತ್ತು ಸಲ. ನಾನು ಬಾಯಿ ತೆರೆದರೆ, "ಮಾತಾಡ್ಬೇಡ ಶಿಲ್ಪ, ಲೆಕ್ಕ ತಪ್ಪುತ್ತೆ," ಎನ್ನುತ್ತಿದ್ದರು. ಅರ್ಧ ಗಂಟೆ ಹಾಗೇ ಇತ್ತು, ಅದರೊಳಗೆ ನಾವು ಮಾತ್ರ ಇರಲಿಲ್ಲ.

ಮಾರ್ಚ್ ಮೊದಲ ವಾರ ಉದಯಗಿರಿಯ ಒಂದು ಶಾಲೆಯಿಂದ ನನಗೆ ಕಾಗದ ಬಂತು. ಬಿ.ಎಸ್ಸಿ. ಮುಗಿಸಿದಾಗಲೇ ಅರ್ಜಿ ಹಾಕಿದ್ದೆ. ವಿಜ್ಞಾನ ಕಲಿಸಲು ಬರುವುದಾದರೆ ಇಪ್ಪತ್ತರೊಳಗೆ ಬಂದು ಕಾಣಿರಿ ಎಂದಿತ್ತು. ಓದಿ ಮಡಿಸಿಟ್ಟಿದ್ದ ಅತ್ತೆ, ಅಷ್ಟು ದೂರ ಯಾಕೆ, ಮನೆಯಲ್ಲೇ ಕೆಲಸವಿದೆಯಲ್ಲ ಎಂದರು. ನನ್ನ ಗಂಡ ಒಂದು ಮಾತು ಹೇಳಿದರೆ ಅತ್ತೆ ಒಪ್ಪುತ್ತಿದ್ದರು. ಇವರಿಗೆ ಹೇಳಲು ನನಗೆ ಗೊತ್ತಿದ್ದುದು ಒಂದೇ ಜಾಗ, ಟಿವಿಯ ಮುಂದೆ. ಮೂರು ಸಂಜೆ ಪ್ರಯತ್ನಿಸಿದೆ. "ಪಂದ್ಯ ಮುಗೀಲಿ ಕಣೆ," ಎಂದರು ಮೂರನೆಯ ಸಲ. ಏನು ವಿಷಯವೆಂದು ಕೇಳಲಿಲ್ಲ. ನಾನು ಬಿದ್ದೆ, ಎದ್ದೆ, ಬಿದ್ದೆ. ಇಪ್ಪತ್ತನೇ ತಾರೀಖು ಬುಧವಾರ ಬಂತು, ಹೋಯಿತು.

ಏಪ್ರಿಲಿನಲ್ಲಿ ಅವರು ಗೆದ್ದರು. ನಾನು ಹೋಗಿರಲಿಲ್ಲ. ಫೈನಲಿನಲ್ಲಿ ಮಹದೇವನನ್ನೇ ಎರಡೂ ಸುತ್ತು ಏಳಗೊಡದೆ ಹೊಡೆದರಂತೆ. ಅಂಗೈಯಷ್ಟು ಕಪ್ ಒಂದನ್ನು ತಂದರು. ಮಗ ಫ್ಯಾಕ್ಟರಿಯ ಕಂಪ್ಯೂಟರ್ ಪರೀಕ್ಷೆಯಲ್ಲಿ ಗೆದ್ದನೆಂದು ಅತ್ತೆ ಸೋಮಮ್ಮನಿಗೆ ಹೇಳುತ್ತಿದ್ದುದು ಅಡುಗೆಮನೆಗೂ ಕೇಳಿತು.

ಸೋಮವಾರ ಸಂಜೆ ಅವರೇ ಕರೆದರು. "ಬಾ, ಇವತ್ತು ಸುಮ್ನೆ ತಮಾಷೆಗೆ ಆಡೋಣ. ಮೊದಲಿನ ಥರ."

ಕೂತೆ. ಎರಡು ಏಟಿಗೇ ಅವರು ನನ್ನನ್ನು ಬೀಳಿಸಿದರು, ಸರಿದು ಕಾದರು. ಆಮೇಲೆ ನಾನು ಕಂಡ ಕಂಡ ಗುಂಡಿ ಒತ್ತಿದೆ, ಅವರು ಬಿದ್ದರು. ಮತ್ತೆ ಬಿದ್ದರು. ಇಷ್ಟು ತಿಂಗಳು ನಾನು ಆ ಕೈಯನ್ನೇ ನೋಡುತ್ತಿದ್ದವಳು. ಅವರ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು. ಮೊದಲು ನಾವಿಬ್ಬರೂ ನಿಜವಾಗಿ ಸೋಲುತ್ತಿದ್ದೆವು. ಈಗ ಅವರು ನನಗಾಗಿ ಸೋಲುತ್ತಿದ್ದರು.

"ನೋಡಿದ್ಯಾ, ನೀನೇ ಗೆದ್ದೆ," ಎಂದರು.

ಸೋಲುವುದಕ್ಕೆ ಟಿವಿ ನೋಡುವ ಅಗತ್ಯ ಅವರಿಗಿರಲಿಲ್ಲ. ನಾನು ನಗುತ್ತೇನೋ ಇಲ್ಲವೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದರು. ನಕ್ಕೆ.

"ಏನೋ ಹೇಳ್ಬೇಕು ಅಂತಿದ್ಯಲ್ಲ ಅವತ್ತು? ಈಗ ಹೇಳು."

ಅವರ ದನಿಯಲ್ಲಿ ಪ್ರೀತಿಯೇ ಇತ್ತು. ನಾನು ಟಿವಿಯ ಕಡೆ ತಿರುಗಿದೆ, ಅವರು ತಿರುಗಲಿಲ್ಲ. ಒಳಗೆ ಮಾವನ ಪೂಜೆಯ ಗಂಟೆ ಕೇಳಿತು.

"ಏನಿಲ್ಲ ಬಿಡಿ. ಆಗ್ಲೇ ಮುಗೀತು," ಎಂದೆ.

ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ, ಪಾರ್ಲರಿನಲ್ಲಿ ಮಹದೇವ ಕಾಯುತ್ತಿರುತ್ತಾನೆಂದು ಹೇಳಿ ಅಂಗಿ ಹಾಕಿಕೊಂಡರು. ನಾನು ಎದ್ದು ಮಾವನ ವಾರ್ತೆಗೆ ಟಿವಿಯನ್ನು ಸರಿಮಾಡಿಟ್ಟೆ.