ಕಾರಿನ ಹಣೆ

ಡ್ರೈವರ್ ಕ್ಯಾತಣ್ಣ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಅಂಗಾತ ಮಲಗಿ, ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸುತ್ತಿದ್ದ. ಅವನ ಕಾಲುಗಳು ಬಾಗಿಲಿನಿಂದಾಚೆ ಅಂಗಳದಲ್ಲಿದ್ದವು. ಏಪ್ರಿಲ್ ತಿಂಗಳ ಬಿಸಿಲು ಆ ಕಾಲುಗಳನ್ನು ಸುಡುತ್ತಿದ್ದರೆ, ಮುಖದ ಮೇಲೆ ಕಾರಿನ ಏಸಿ ಮೈ ಕೊರೆಯುವ ಗಾಳಿಯನ್ನು ಸುರಿಯುತ್ತಿತ್ತು. ಗುಂಡಿಯನ್ನು ಬೆಚ್ಚಗಿನ ಕಡೆಗೆ ಎಷ್ಟು ತಿರುಗಿಸಿದರೂ ಅದು ಕೇಳುವ ಹಾಗೆ ಕಾಣಲಿಲ್ಲ.

ಮನೆಯೊಳಗೆ, ಕಾರಿನ ಒಡೆಯ ಮರುಳಸಿದ್ದಯ್ಯನವರನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಸುಗಂಧರಾಜದ ಹಾರ, ಎಡಗೈಯಲ್ಲಿ ಇಷ್ಟಲಿಂಗ. ಬೆಳಗಿನ ಜಾವ ಪ್ರಾಣ ಹೋಗಿತ್ತು. ಹೊತ್ತು ಇಳಿಯುವುದರೊಳಗೆ ಕಂದಿಕೆರೆ ಹತ್ತಿರದ ಅವರ ತೆಂಗಿನ ತೋಟದಲ್ಲಿ ಸಮಾಧಿಯಾಗಬೇಕು. ಗುಣಿ ತೋಡುವವರು ಆಗಲೇ ಹೋಗಿದ್ದರು. ಬಾಳೆಕಂಬ ಕಟ್ಟಿದ ಲಾರಿ ಬೀದಿಯಲ್ಲಿ ಸಿದ್ಧವಾಗಿ ನಿಂತಿತ್ತು. ಎಲ್ಲರೂ ಕಾಯುತ್ತಿದ್ದದ್ದು ಕಾರಿಗೆ.

ಕಾರು ಸರಿಹೋಗದಿದ್ದರೆ ಹೆಂಡತಿ ಹೊಂಬಾಳಮ್ಮನವರು ಗಂಡನ ಮಣ್ಣಿಗೆ ಹೋಗುವಂತಿರಲಿಲ್ಲ. ಅವರದು ಹಳೆಯ ಉಬ್ಬಸ. ಚಿಕ್ಕನಾಯಕನಹಳ್ಳಿಯಿಂದ ಕಂದಿಕೆರೆಗೆ ಹೋಗುವ ದಾರಿಯಲ್ಲಿ ಗಣಿ ಲಾರಿಗಳು ಎಬ್ಬಿಸುವ ಕೆಂಪು ಧೂಳಿಗೆ ಗಟ್ಟಿಮುಟ್ಟಾದವರೇ ಕೆಮ್ಮುತ್ತಾರೆ. ಕಿಟಕಿ ತೆರೆದರೆ ಅವರಿಗೆ ಅರ್ಧ ದಾರಿಯಲ್ಲೇ ಉಸಿರು ಕಟ್ಟುತ್ತದೆ. ಏಸಿ ನಿಲ್ಲಿಸಿ ಗಾಜು ಏರಿಸಿದರೆ ಒಳಗೆ ಬೆಂದುಹೋಗುತ್ತಾರೆ. ಈ ಚಳಿಗಾಳಿಯಲ್ಲಿ ಕೂತರಂತೂ ಕೇಳುವುದೇ ಬೇಡ. ಅವರನ್ನು ಕರೆದುಕೊಂಡು ಆ ದಾರಿಯಲ್ಲಿ ಓಡಾಡುವುದಕ್ಕೆಂದೇ ಮರುಳಸಿದ್ದಯ್ಯನವರು ಈ ಹಳೇ ಫಾರಿನ್ ಕಾರನ್ನು ಹರಾಜಿನಲ್ಲಿ ಹಿಡಿದು ತಂದಿದ್ದರು. ಒಳಗಿನ ಸೆಕೆಯನ್ನು ತಾನೇ ತಿಳಿದು ಗಾಳಿಯನ್ನು ಹದ ಮಾಡುವ ಏಸಿ ಅದರದು. ಊರಿನಲ್ಲಿ ಏಸಿ ಇದ್ದ ಕಾರು ಅದೊಂದೇ. ಅಂಥ ಕಾರು ಇವತ್ತೇ ಕೈಕೊಟ್ಟಿತ್ತು.

ಮೈದುನ ಸದಾಶಿವಯ್ಯ ಗಡಿಯಾರ ನೋಡಿ ನೋಡಿ ಸಾಕಾಗಿ ಅತ್ತಿಗೆಯ ಮುಂದೆ ಬಂದು ಕೂತ.

"ಅತ್ಗೆಮ್ಮ, ನೀವು ಇಲ್ಲೇ ಮುಖ ನೋಡ್ಕೊಂಡು ಉಳ್ಕೊಳ್ಳಿ. ದಾರೀಲಿ ನಿಮಗೇನಾದ್ರೂ ಆದ್ರೆ ನಾನು ಯಾರಿಗೆ ಹೇಳ್ಲಿ?"

"ಅವ್ರು ನನ್ನ ಬುಟ್ಟು ತೋಟಕ್ಕೆ ಹೋದವರಲ್ಲ ಕಣಪ್ಪ. ಇವತ್ತು ಒಬ್ರನ್ನೇ ಕಳ್ಸಲಾ?" ಎಂದರು ಹೊಂಬಾಳಮ್ಮ. ಅಷ್ಟು ಹೇಳಿ, ಗಂಡನ ಕಂಬಳಿಯನ್ನು ಹೊದ್ದುಕೊಂಡು ಹೊರಗೆ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. ಕ್ಯಾತಣ್ಣ ಗಾಬರಿಯಾಗಿ ಇಂಜಿನ್ ನಿಲ್ಲಿಸಿದ. ಅವರು ಏಳಲಿಲ್ಲ.

ಜಗಲಿಯ ಮೇಲೆ ಕೂತವರು ಸತ್ತವರ ಗುಣ ಹೇಳಲು ಹೊರಟು ಸ್ವಲ್ಪ ಪೇಚಿಗೆ ಸಿಕ್ಕಿದ್ದರು. ಮರುಳಸಿದ್ದಯ್ಯನವರು ಗುಡಿ ಕಟ್ಟಿಸಿದವರಲ್ಲ, ಚುನಾವಣೆಗೆ ನಿಂತವರಲ್ಲ, ನಾಲ್ಕು ಜನರ ಮುಂದೆ ಗಟ್ಟಿಯಾಗಿ ಮಾತಾಡಿದವರೂ ಅಲ್ಲ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ, ಇಲ್ಲಿ ಮನೆ, ಅಲ್ಲಿ ತೋಟ, ಅಷ್ಟೇ. ಗಾಡಿಗಳು ಬರುವ ಮುಂಚೆ ಮಂಡಿಯ ಅಂಗಳದಲ್ಲಿ ಬಿದ್ದ ಮೊಳೆಗಳನ್ನು ಬಗ್ಗಿ ಬಗ್ಗಿ ಆರಿಸುತ್ತಿದ್ದರೆಂದು ಒಬ್ಬರು ನೆನೆಸಿಕೊಂಡರು. ಎತ್ತಿನ ಕಾಲಿಗೆ ಚುಚ್ಚಬಾರದಂತೆ. ದಿನಾ ಬೆಳಿಗ್ಗೆ ಹೊರಡುವ ಮುಂಚೆ ಕಾರಿನಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಕೂರುತ್ತಿದ್ದದ್ದನ್ನು ಇನ್ನೊಬ್ಬರು ನೆನೆದು, ಹೆಂಡತಿಗಿಂತ ಕಾರಿನ ಮೇಲೇ ಜೀವ ಜಾಸ್ತಿ ಇತ್ತೇನೋ ಎಂದು ಮೆಲ್ಲಗೆ ನಕ್ಕರು. ಆ ಮಾತನ್ನು ಹೊಂಬಾಳಮ್ಮನವರೂ ಎಷ್ಟೋ ಸಲ ಆಡಿದ್ದರು, ನಗದೆ.

* * *

ಕಾರು ಬಂದದ್ದು ಎಂಬತ್ತೊಂದರ ಬೇಸಿಗೆಯಲ್ಲಿ. ಅಂಗಳಕ್ಕೆ ಬಂದು ನಿಂತ ಕೂಡಲೇ ಹೊಂಬಾಳಮ್ಮ ಆರತಿ ಎತ್ತಿ, ವಿಭೂತಿಯನ್ನು ನೀರಿನಲ್ಲಿ ಕಲಸಿಕೊಂಡು ಒಳಗೆ ಬಗ್ಗಿದರು. ಹೊರಗೆ ಹಚ್ಚಿದರೆ ತೊಳೆದುಹೋಗುತ್ತದೆ. ಡ್ಯಾಶ್‌ಬೋರ್ಡಿನ ನಟ್ಟನಡುವೆ ರೂಪಾಯಿ ಅಗಲದ ದುಂಡನೆಯ ಜಾಲರಿಯೊಂದಿತ್ತು. ಕಾರಿಗೆ ಹಣೆ ಅಂತ ಇದ್ದರೆ ಇದೇ ಎಂದು ಅವರಿಗೆ ನೋಡಿದೊಡನೆ ಅನ್ನಿಸಿತು. ಮೂರು ಬೆರಳಿನಿಂದ ಅಲ್ಲಿ ವಿಭೂತಿ ಎಳೆದರು. ಅಂದಿನಿಂದ ದಿನಾ ಸ್ನಾನ ಮಾಡಿದ ಮೇಲೆ ಮನೆದೇವರಿಗೆ ಒಂದು ಪೂಜೆ, ಕಾರಿನ ಹಣೆಗೆ ಒಂದು ಪೂಜೆ.

ತಂದ ವಾರದಲ್ಲೇ ಏಸಿ ಕೆಟ್ಟಿತು. ಸುಡುಬಿಸಿಲಿನಲ್ಲಿ ಕಾರಿನಿಂದ ಇಳಿದವರು ಹಲ್ಲು ಕಟಕಟಿಸುವುದನ್ನು ಕಂಡು ಊರಿನವರು ಅದಕ್ಕೆ ಕಂಬಳಿ ಕಾರು ಎಂದು ಹೆಸರಿಟ್ಟರು. ತಿಪಟೂರಿನ ಗ್ಯಾರೇಜಿನ ನಂಜುಂಡಪ್ಪ ಬೆಲ್ಟು ಬದಲಾಯಿಸಿದ, ಗ್ಯಾಸು ನೋಡಿದ, ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ. ಏನೂ ಆಗಲಿಲ್ಲ. ಹೊಂಬಾಳಮ್ಮನವರಿಗೆ ಎರಡು ಸಲ ಉಬ್ಬಸ ಎದ್ದು, ಇಂಥದ್ದನ್ನು ತಂದು ಮೋಸಹೋದಿರಿ ಎಂದು ಗಂಡನಿಗೆ ಎಲ್ಲರೆದುರೇ ಹೇಳಿದರು. ಮರುಳಸಿದ್ದಯ್ಯನವರು ಕಾರನ್ನೂ ಬೈಯಲಿಲ್ಲ, ನಂಜುಂಡಪ್ಪನನ್ನೂ ಬೈಯಲಿಲ್ಲ. ನೋಡೋಣ ಎಂದರು.

ಆಮೇಲೆ ಒಂದು ದಿನ ಕಾರು ತಾನಾಗಿ ಸರಿಹೋಯಿತು. ಹೇಗೆ ಎಂದು ಕೇಳಿದವರಿಗೆ ಮರುಳಸಿದ್ದಯ್ಯನವರು ಸರಿಹೋಯ್ತಲ್ಲ, ಸಾಕು ಬಿಡಿ ಎಂದರು. ಅವರು ಬೆಳಿಗ್ಗೆ ಕಾರಿನಲ್ಲಿ ಒಬ್ಬರೇ ಕೂರತೊಡಗಿದ್ದು ಆ ವಾರದಿಂದಲೇ ಎಂಬುದನ್ನು ಯಾರೂ ಗಮನಿಸಲಿಲ್ಲ.

* * *

ನಂಜುಂಡಪ್ಪ ಹಾರ ಹಿಡಿದುಕೊಂಡು ತಿಪಟೂರಿನಿಂದ ಬರುವ ಹೊತ್ತಿಗೆ ಸದಾಶಿವಯ್ಯ ಲಾರಿಯನ್ನು ಹೊರಡಿಸುವ ಮಾತಾಡುತ್ತಿದ್ದ. ನಂಜುಂಡಪ್ಪ ಒಳಗೆ ಹೋಗಿ ಹಾರ ಹಾಕಿ, ಕಣ್ಣೊರೆಸಿಕೊಂಡು ಈಚೆ ಬಂದ. ಕ್ಯಾತಣ್ಣ ಅವನ ತೋಳು ಹಿಡಿದು ಕಾರಿನ ಹತ್ತಿರ ಎಳೆದುಕೊಂಡು ಬಂದು, ತಾನು ನೋಡಿದ್ದನ್ನೆಲ್ಲ ಒಪ್ಪಿಸಿದ. ಫ್ಯೂಸು ಸರಿಯಿದೆ, ಬೆಲ್ಟು ಸರಿಯಿದೆ, ಯಜಮಾನರು ಹಾಸಿಗೆ ಹಿಡಿಯುವ ತನಕ ಏಸಿಯೂ ಸರಿಯಿತ್ತು.

ನಂಜುಂಡಪ್ಪ ಬಗ್ಗಿ ಡ್ಯಾಶ್‌ಬೋರ್ಡಿನ ನಡುವೆ ನೋಡಿದ. ಜಾಲರಿ ಕಾಣುತ್ತಲೇ ಇರಲಿಲ್ಲ. ಗಂಡ ಮಲಗಿದ್ದಷ್ಟು ದಿನವೂ ಹೊಂಬಾಳಮ್ಮ ಹೊತ್ತು ಹೊತ್ತಿಗೆ ಬಂದು, ಅವರನ್ನು ಎಬ್ಬಿಸಿ ಕಾರಿಗೆ ಹತ್ತಿಸು ಎಂದು ಬೇಡಿ ಬೇಡಿ ಹಚ್ಚಿದ ವಿಭೂತಿ ಅಲ್ಲಿ ಗೋಡೆಯ ಸುಣ್ಣದ ಹಾಗೆ ಕಟ್ಟಿಕೊಂಡಿತ್ತು. ನಂಜುಂಡಪ್ಪ ಜೇಬಿನಿಂದ ಬಟ್ಟೆ ತೆಗೆದ. ಪಕ್ಕದಲ್ಲೇ ಕೂತಿದ್ದ ಹೊಂಬಾಳಮ್ಮನವರನ್ನು ಕಂಡು ಕೈ ಹಿಂದೆಗೆದ.

"ಏನು? ಹೇಳು" ಎಂದರು ಹೊಂಬಾಳಮ್ಮ.

"ಹೇಳಬ್ಯಾಡ ಅಂತ ಯಜಮಾನ್ರು ಮಾತು ತಗೊಂಡವ್ರೆ ಅಮ್ಮಾರೇ."

"ಅವ್ರೇ ಹೋದ್ರಲ್ಲಪ್ಪ. ಹೇಳು."

ಅವನು ನೆಲ ನೋಡುತ್ತಾ ಹೇಳಿದ. ಈ ಜಾಲರಿ ಕಾರಿನ ಮೂಗು. ಇಲ್ಲಿಂದ ಗಾಳಿ ಎಳೆದುಕೊಂಡು ಒಳಗೆ ಸೆಕೆ ಎಷ್ಟಿದೆ ಎಂದು ತಿಳಿಯುತ್ತದೆ. ಇದು ಮುಚ್ಚಿಹೋದರೆ ಡ್ಯಾಶ್‌ಬೋರ್ಡಿನ ಹಿಂದುಗಡೆಯ ಕಾವು ಮಾತ್ರ ಅದಕ್ಕೆ ಗೊತ್ತಾಗುತ್ತದೆ, ಕೂತವರು ಬೇಯುತ್ತಿದ್ದಾರೆಂದುಕೊಂಡು ಚಳಿ ಸುರಿಯುತ್ತದೆ. ಕಂಡುಹಿಡಿದದ್ದು ತಾನಲ್ಲ. ಅಮ್ಮನವರು ತುರುವೇಕೆರೆಗೆ ತವರಿಗೆ ಹೋದಾಗಲೆಲ್ಲ ಕಾರು ಮೂರ್ನಾಲ್ಕು ದಿನದಲ್ಲಿ ಸರಿಹೋಗುತ್ತಿತ್ತು, ಅವರು ಬಂದ ಮೇಲೆ ಮತ್ತೆ ಕೆಡುತ್ತಿತ್ತು. ಕಾರಿಗೂ ಅಮ್ಮನವರನ್ನು ಕಂಡರೆ ಭಯ ಎಂದು ಗ್ಯಾರೇಜಿನಲ್ಲಿ ಎಲ್ಲರೂ ನಕ್ಕರು. ಯಜಮಾನರೂ ನಗಲು ಶುರುಮಾಡಿದವರು ತಟ್ಟನೆ ಎದ್ದುಹೋಗಿ ಕಾರಿನಲ್ಲಿ ಕೂತು, ಪೊರಕೆ ಕಡ್ಡಿಯಿಂದ ಜಾಲರಿ ಕೆರೆದು ನೋಡಿದರು. ಒಣಗಿ ಉದುರಿದ ವಿಭೂತಿ ಅಂಗೈಗೆ ಬಿತ್ತು. ಅಮ್ಮನವರು ಇಲ್ಲದಾಗ ತಾನಾಗಿ ಉದುರಿಹೋಗುತ್ತಿದ್ದದ್ದು ಅದೇ.

ಹೊಂಬಾಳಮ್ಮ ಜಾಲರಿಯ ಕಡೆ ತಿರುಗಿದರು. "ನಾನು ಹಚ್ಚಿದ್ದನ್ನ ದಿನಾ ಒರೆಸ್ತಿದ್ರಾ?"

"ಹೂಂ ಕಣ್ರವ್ವ. ನೀವು ಒಳಗೆ ಹೋದ ಮ್ಯಾಲೆ."

"ನಂಗೊಂದು ಮಾತು ಹೇಳಿದ್ರೆ ಪಕ್ಕಕ್ಕೆ ಹಚ್ತಿದ್ನಲ್ಲ."

"ನಾನೂ ಅಂಗೇ ಅಂದೆ" ಎಂದ ನಂಜುಂಡಪ್ಪ. "ಅದಕ್ಕೆ ಅವ್ರು, ನನ್ನ ಕಾಯ್ಲಿ ಅಂತ ಬೇಡ್ಕೊಂಡು ಹಚ್ತಾಳೆ ಕಣಯ್ಯ, ನಿನ್ನ ಪೂಜೆಯಿಂದಲೇ ನಿಂಗೆ ಉಬ್ಬಸ ಎದ್ದಿದ್ದು ಅಂತ ಅವಳಿಗೆ ಯಾವ ಬಾಯಲ್ಲಿ ಹೇಳ್ಲಿ? ಅವಳು ಹಚ್ಚೋ ಕಡೆ ಹಚ್ಚಲಿ, ಒರೆಸೋದು ನಂಗೇನು ಭಾರವಾ, ಅಂದ್ರು."

ಸದಾಶಿವಯ್ಯ ಗಡಿಯಾರ ನೋಡುವುದನ್ನು ಮರೆತು ಅಣ್ಣನ ಕಡೆಗೆ ತಿರುಗಿ ನಿಂತಿದ್ದ. ಎಂಥ ಮನುಷ್ಯ ಎಂದು ಜಗಲಿಯ ಮೇಲಿದ್ದ ಯಾರೋ ಅಂದರು. ಬೆಳಿಗ್ಗೆಯಿಂದ ಅಲ್ಲಿ ಆಡಿದ ಮಾತುಗಳಲ್ಲಿ ಅದೊಂದೇ ಮರುಳಸಿದ್ದಯ್ಯನವರಿಗೆ ಸರಿಯಾಗಿ ಒಪ್ಪುವಂಥದ್ದು.

ನಂಜುಂಡಪ್ಪ ಕಡ್ಡಿಯಿಂದ ಕೆರೆದು, ಬಟ್ಟೆಯಿಂದ ಒರೆಸಿದ. ಕ್ಯಾತಣ್ಣ ಇಂಜಿನ್ ಚಾಲೂ ಮಾಡಿದ. ಸ್ವಲ್ಪ ಹೊತ್ತಿಗೆ ಗಾಳಿಯ ಭೋರು ತಗ್ಗಿ, ಮೈಗೆ ಹಿತವಾದ ತಂಪು ಬಂತು. ಹೊಂಬಾಳಮ್ಮ ಕಂಬಳಿ ತೆಗೆದಿಟ್ಟರು. ಒಳಗಿನಿಂದ ಮರುಳಸಿದ್ದಯ್ಯನವರನ್ನು ಎತ್ತಿ ತಂದು ಲಾರಿಯ ಮೇಲೆ ಕೂರಿಸಿದರು.

ಹೊರಡುವ ಮುಂಚೆ ಹೊಂಬಾಳಮ್ಮ ವಿಭೂತಿ ಗಟ್ಟಿಯನ್ನೂ ನೀರನ್ನೂ ತರಿಸಿಕೊಂಡರು. ನಂಜುಂಡಪ್ಪ ಮತ್ತೆ ಬಟ್ಟೆ ಕೈಗೆತ್ತಿಕೊಂಡ. ಅವರು ಕಲಸಿ, ಮೂರು ಬೆರಳು ಅದ್ದಿ, ಎಂದಿನ ಜಾಗಕ್ಕೇ ಹಚ್ಚಿ, ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಜಾಲರಿಯ ಒಂದೊಂದು ತೂತನ್ನೂ ತಾವೇ ಒರೆಸತೊಡಗಿದರು. ಲಾರಿ ಬೀದಿಯ ತಿರುವಿನ ತನಕ ಹೋಗಿ, ಅಲ್ಲಿ ನಿಂತಿತು. ಕ್ಯಾತಣ್ಣ ಗೇರಿನ ಮೇಲೆ ಕೈಯಿಟ್ಟು ಕಾದ.