ಚೀಟಿಯಿಲ್ಲದ ಹಸಿರು ಬಾಟಲಿ

ಹೊಲಿಗೆ ಯಂತ್ರ ಬಹುಪಾಲು ಮುಸುಕಿನಡಿಯೇ ಇರತೊಡಗಿ ಮೂರು ತಿಂಗಳಾಗಿತ್ತು. ಮೊದಲೆಲ್ಲ ಬೀದಿಯ ಹೆಂಗಸರು ಬಟ್ಟೆ ಹಿಡಿದು ಟೈಲರಕ್ಕನ ಬಾಗಿಲಲ್ಲಿ ಕಾಯುತ್ತಿದ್ದರು. ಈಗ ಎಲ್ಲರೂ ಫೋನಿನಲ್ಲೇ ಹೊಲಿದ ಬಟ್ಟೆ ತರಿಸಿಕೊಳ್ಳುತ್ತಾರೆ. ಅವಳ ಬಳಿ ಬರುವುದು ಕಿತ್ತುಹೋದ ಜಿಪ್ಪು, ಉದ್ದವಾದ ಪ್ಯಾಂಟು, ಅಷ್ಟೇ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಅವನೊಬ್ಬನ ದುಡಿಮೆಯಲ್ಲಿ ಸಂಸಾರ ಏದುಸಿರು ಬಿಡುತ್ತಿತ್ತು.

ಒಂದು ದಿನ ಜಿಪ್ಪು ಹಾಕಿದ ಬ್ಯಾಗು ಕೊಡಲು ಎದುರು ಬೀದಿಯ ಹಲ್ಲಿನ ಕ್ಲಿನಿಕ್ಕಿಗೆ ಹೋದಳು. ಕೌಂಟರಿನಲ್ಲಿ ಕೂರುವ ಹುಡುಗಿ ಹಸಿರು ಬಣ್ಣದ ಏನನ್ನೋ ಕುಡಿಯುತ್ತಿದ್ದಳು.

"ಏನಮ್ಮಾ ಅದು, ಸೊಪ್ಪಿನ ರಸಾನಾ?"

"ಅಲ್ಲಕ್ಕಾ, ಮಾಚಾ. ಹಸಿರು ಟೀ ಎಲೆನ ನುಣ್ಣಗೆ ಪುಡಿ ಮಾಡಿರ್ತಾರೆ. ಅದನ್ನ ಹಾಲಲ್ಲಿ ಕಲಸಿ ಐಸ್ ಹಾಕೋದು. ದೊಡ್ಡ ರಸ್ತೆ ಅಂಗಡಿಯಿಂದ ಬರೋಷ್ಟರಲ್ಲಿ ಐಸೆಲ್ಲ ಕರಗಿ ನೀರಾಗಿರತ್ತೆ. ನೀವು ಮಾಡಿ ಕೊಡಿ, ನಾವೆಲ್ಲ ನಿಮ್ಮ ಹತ್ರಾನೇ ತಗೋತೀವಿ."

ಹುಡುಗಿ ನಗುತ್ತಾ ಆಡಿದ ಮಾತು. ಟೈಲರಕ್ಕ ಅದನ್ನು ಮನಸ್ಸಿಗೆ ಹಾಕಿಕೊಂಡಳು.

ಮನೆಯಲ್ಲಿ ಅತ್ತೆಗೆ ಹೇಳಿದಾಗ ಅವರು ಕಿವಿಗೆ ಕೈ ಹಿಡಿದರು. "ಮಚ್ಚೆನಾ? ಮುಖದ ಮೇಲಿರೋದನ್ನ ಯಾರಾದ್ರೂ ಕುಡೀತಾರೇನೆ?"

"ಮಚ್ಚೆ ಅಲ್ಲ ಅತ್ತೆ, ಮಾಚಾ." ಟೈಲರಕ್ಕ ಫೋನಿನಲ್ಲಿ ಅದರ ಚಿತ್ರ ತೋರಿಸಿದಳು.

"ಏನೋ ಒಂದು. ನೋಡಿದ್ರೆ ತೊಟ್ಟಿ ಪಾಚಿ ಇದ್ದ ಹಾಗಿದೆ. ಇದಕ್ಕೆ ದುಡ್ಡು ಬೇರೆ ಕೊಡ್ತಾರಾ?"

ಟೈಲರಕ್ಕ ಅಂಗಡಿ ಹುಡುಕಲಿಲ್ಲ, ಹೊಸ ಯಂತ್ರ ಕೊಳ್ಳಲಿಲ್ಲ. ಮಿಕ್ಸಿ, ಫ್ರಿಜ್ಜು, ಟೀ ಸೋಸುವ ಜರಡಿ ಮನೆಯಲ್ಲೇ ಇದ್ದವು. ತಂದದ್ದು ಪುಡಿಯ ಅತಿ ಚಿಕ್ಕ ಡಬ್ಬ, ಎರಡು ಡಜನ್ ಬಾಟಲಿ, ಯಾರೋ ಬಳಸಿ ಬಿಟ್ಟ ಒಂದು ಐಸ್ ಪೆಟ್ಟಿಗೆ. ಮೊದಲ ದಿನ ಪುಡಿ ಗಂಟುಗಂಟಾಯಿತು. ಎರಡನೇ ದಿನ ಕುದಿಯುವ ನೀರು ಸುರಿದಳು. ಕುಡಿದ ಗಂಡ ಮುಖ ಹಿಂಡಿ, "ಇದನ್ನ ಯಾರಿಗಾದ್ರೂ ಮಾರು, ನನ್ನನ್ನ ಮಾತ್ರ ಬಿಟ್ಟುಬಿಡೇ" ಎಂದ. ವಾರ ಕಳೆಯುವಷ್ಟರಲ್ಲಿ ಕೈ ಹದಕ್ಕೆ ಬಂತು. ಪುಡಿಯನ್ನು ಜರಡಿ ಹಿಡಿಯಬೇಕು, ನೀರು ಕುದಿ ಇಳಿದಿರಬೇಕು, ಮೊದಲು ಸ್ವಲ್ಪ ನೀರಲ್ಲಿ ನೊರೆ ಬರುವಂತೆ ಕಡೆದು ಆಮೇಲೆ ತಣ್ಣನೆಯ ಹಾಲು ಸೇರಿಸಬೇಕು. ಐಸಿಗೂ ಕಾಯಿಸಿ ಆರಿಸಿದ ನೀರೇ.

ಬೆಳಿಗ್ಗೆ ಒಂಬತ್ತರೊಳಗೆ ಫೋನಿನಲ್ಲಿ ಹೇಳಿದವರಿಗೆ ಹನ್ನೊಂದಕ್ಕೆ ಬಾಟಲಿ. ಹೇಳಿದಷ್ಟೇ ಮಾಡುವುದು, ಒಂದೂ ಹೆಚ್ಚಿಲ್ಲ. ಹಾಗಾಗಿ ಚೆಲ್ಲಿದ್ದು ಏನೂ ಇಲ್ಲ. ಕ್ಲಿನಿಕ್ಕಿನವರು ಮೊದಲು, ಆಮೇಲೆ ಟ್ಯೂಷನ್ ಮೇಷ್ಟ್ರು, ಪಕ್ಕದ ಆಫೀಸಿನವರು. ಮೂರನೇ ವಾರಕ್ಕೆ ದಿನಕ್ಕೆ ಹದಿನಾಲ್ಕು ಬಾಟಲಿ. ಪಾಚಿ ಎಂದಿದ್ದ ಅತ್ತೆಯೇ ಬಾಟಲಿ ತೊಳೆದು ಬಿಸಿಲಿಗೆ ಬೋರಲು ಹಾಕತೊಡಗಿದರು.

ಕೆಳಗಿನ ಮನೆಯ ನರ್ಸಮ್ಮ ಯೂನಿಫಾರ್ಮ್ ಹೊಲಿಸಲು ಬಂದಾಗ ಸಾಲಾಗಿ ನಿಂತ ಬಾಟಲಿಗಳನ್ನು ನೋಡಿದರು.

"ಚೆನ್ನಾಗಿದೆ ಕಣೇ. ಆದ್ರೆ ಒಳಗೆ ಏನೇನಿದೆ ಅಂತ ಮೇಲೆ ಬರೆದಿಲ್ವಲ್ಲ? ಯಾರಿಗೆ ಏನು ಒಗ್ಗಲ್ಲ ಅಂತ ಕೇಳ್ಕೊಂಡಿದ್ದೀಯಾ? ಊಟ-ತಿಂಡಿ ಮಾರೋರು ನೋಂದಣಿ ಮಾಡಿಸ್ಬೇಕು, ಅದನ್ನಾದ್ರೂ ವಿಚಾರಿಸಿದ್ಯಾ?"

"ಅಯ್ಯೋ ನರ್ಸಮ್ಮ, ಇರೋದು ಹದಿನಾಲ್ಕು ಬಾಟಲಿ. ಇದಕ್ಕೆಲ್ಲ ಚೀಟಿ ಯಾಕೆ? ಹಾಲು ಕುಡಿದು ಯಾರಾದ್ರೂ ಆಸ್ಪತ್ರೆ ಸೇರ್ತಾರಾ?"

ನರ್ಸಮ್ಮ ಇನ್ನೂ ಏನೋ ಹೇಳಲಿದ್ದರು. ಟೈಲರಕ್ಕ ಆಗಲೇ ಟೇಪು ಹಿಡಿದು ಭುಜದ ಅಳತೆ ತೆಗೆಯುತ್ತಿದ್ದಳು.

ಅದಾಗಿ ನಾಲ್ಕನೇ ದಿನ. ಕೌಂಟರಿನ ಹುಡುಗಿ ಯಾವಾಗಲೂ ತೆಂಗಿನ ಹಾಲಿನ ಮಾಚಾವನ್ನೇ ಹೇಳುತ್ತಿದ್ದಳು. ಅವತ್ತು ಡಬ್ಬ ಬಗ್ಗಿಸಿದರೆ ತೆಂಗಿನ ಹಾಲು ಮುಗಿದಿತ್ತು. ಹೊಸ ರುಚಿ ನೋಡೋಣವೆಂದು ಅರೆದಿಟ್ಟಿದ್ದ ಗೋಡಂಬಿ ಹಾಲು ಫ್ರಿಜ್ಜಿನಲ್ಲಿತ್ತು. 'ಇದು ತೆಂಗಿನ ಹಾಲಿಗಿಂತ ದುಬಾರಿ, ಅದೇ ಬೆಲೆಗೆ ಕೊಟ್ಟರಾಯಿತು, ಪಾಪ ಖುಷಿಪಡ್ತಾಳೆ' ಅಂದುಕೊಂಡಳು ಟೈಲರಕ್ಕ. ಗಟ್ಟಿಯಾಗಿ ಕಡೆದು ಬಾಟಲಿ ತುಂಬಿದಳು. ಕೊಡುವಾಗ ಹುಡುಗಿ ಫೋನಿನಲ್ಲಿದ್ದಳು. ಟೈಲರಕ್ಕ ಏನೂ ಹೇಳದೆ ಕೌಂಟರಿನ ಮೇಲಿಟ್ಟು ಬಂದಳು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಫೋನ್ ಬಂತು. ಹಲ್ಲಿನ ಡಾಕ್ಟರು.

"ಬಾಟಲಿಗೆ ಏನು ಹಾಕಿದ್ರಿ? ಬೇಗ ಹೇಳಿ!"

"ಮಾಚಾ ಸಾರ್... ಸಕ್ಕರೆ... ಹಾಲು..."

"ಯಾವ ಹಾಲು?"

"ಗೋಡಂಬಿದು."

ಆ ಕಡೆ ಡಾಕ್ಟರು ಯಾರಿಗೋ ಕೂಗಿದ್ದು ಕೇಳಿಸಿತು: "ಗೋಡಂಬಿ! ಇಂಜೆಕ್ಷನ್ ತಗೊಂಡು ಬಾ, ಓಡು!"

ಟೈಲರಕ್ಕ ಬರಿಗಾಲಲ್ಲೇ ಓಡಿದಳು.

ಹಲ್ಲು ನೋಡುವ ಕುರ್ಚಿಯನ್ನು ಪೂರ್ತಿ ಮಲಗಿಸಿ ಹುಡುಗಿಯನ್ನು ಮಲಗಿಸಿದ್ದರು. ಟೈಲರಕ್ಕನಿಗೆ ಗುರುತೇ ಸಿಗಲಿಲ್ಲ. ತುಟಿ ಹೆಬ್ಬೆರಳಿನಷ್ಟು ದಪ್ಪ. ಕಣ್ಣುಗಳು ಎರಡು ಗೀರು. ಕುತ್ತಿಗೆಯ ತುಂಬ ಕೆಂಪು ದದ್ದು. ಉಸಿರೆಳೆದಾಗಲೆಲ್ಲ ಗಂಟಲಲ್ಲಿ ಸೀಟಿ ಊದಿದ ಸದ್ದು. ಡಾಕ್ಟರು ತೊಡೆಗೆ ಸೂಜಿ ಚುಚ್ಚಿದರು. ಬಾಟಲಿ ಕೌಂಟರಿನ ಮೇಲಿತ್ತು. ಕುಡಿದದ್ದು ನಾಲ್ಕು ಗುಟುಕೂ ಇರಲಿಕ್ಕಿಲ್ಲ.

ಆಂಬುಲೆನ್ಸ್ ಬಂದಾಗ ಹುಡುಗಿಯ ತಾಯಿಯೂ ಬಂದರು. ಮಗಳ ಮುಖ ನೋಡಿದರು, ಬಾಟಲಿ ನೋಡಿದರು, ಟೈಲರಕ್ಕನನ್ನು ನೋಡಿದರು.

"ಮೂರು ವರ್ಷದವಳಿದ್ದಾಗಿಂದ ಗೋಡಂಬಿ ಸೋಕದ ಹಾಗೆ ಕಾಪಾಡ್ಕೊಂಡು ಬಂದಿದ್ದೀನಿ. ಒಂದು ಚೀಟಿ ಅಂಟಿಸೋಕೆ ನಿನ್ನ ಕೈಗೆ ಏನಾಗಿತ್ತಮ್ಮಾ?"

ಟೈಲರಕ್ಕನಿಗೆ ಒಳ್ಳೆಯದನ್ನೇ ಕೊಟ್ಟೆ ಎಂದು ಹೇಳಬೇಕೆನಿಸಿತು. ಹೇಳಲು ಮುಖವಿರಲಿಲ್ಲ.

ಸಂಜೆ ಮನೆಯಲ್ಲಿ ಯಾರೂ ದೀಪ ಹಾಕಿರಲಿಲ್ಲ. ನರ್ಸಮ್ಮ ಬಂದು ಸ್ವಿಚ್ಚು ಒತ್ತಿ, "ಹುಡುಗಿ ಉಸಿರಾಡ್ತಿದ್ದಾಳೆ. ಇಂಜೆಕ್ಷನ್ ಬೇಗ ಬಿದ್ದಿದ್ದಕ್ಕೆ ಉಳಿದಳು. ನಾಳೆವರೆಗೂ ಅಲ್ಲೇ ಇಟ್ಕೋತಾರೆ, ಇಂಥದ್ದು ಮತ್ತೆ ತಿರುಗಿ ಬರಬಹುದು" ಎಂದರು.

ಅತ್ತೆ ನಂಬಲಿಲ್ಲ. "ಗೋಡಂಬಿ ತಿಂದು ಯಾರಾದ್ರೂ ಹಾಗಾಗ್ತಾರಾ? ಆ ಹುಡುಗಿಗೆ ಬೇರೆ ಏನೋ ಕಾಯಿಲೆ ಇರ್ಬೇಕು. ಸುಮ್ನೆ ನಮ್ಮ ತಲೆಗೆ ಕಟ್ತಿದ್ದಾರೆ."

"ಇಲ್ಲ ಅಮ್ಮ. ಇದಕ್ಕೆ ಅಲರ್ಜಿ ಅಂತಾರೆ. ನಮಗೆ ಊಟ, ಅವರ ಮೈಗೆ ವಿಷ. ಕೆಲವರಿಗೆ ಶೇಂಗಾ, ಕೆಲವರಿಗೆ ಹಾಲು, ಕೆಲವರಿಗೆ ಗೋಡಂಬಿ, ಬಾದಾಮಿ. ಗೋಡಂಬಿ ಅರೆದ ಜಾರನ್ನ ಸರಿಯಾಗಿ ತೊಳೀದೆ ಅದರಲ್ಲೇ ಬೇರೆದನ್ನ ತಿರುವಿದ್ರೂ ಸಾಕು."

"ಒಂದು ಚೂರಿಗೇ?"

"ಒಂದು ಚೂರಿಗೇ."

ಅತ್ತೆ ತೊಳೆದಿಟ್ಟ ಜಾರನ್ನೇ ನೋಡುತ್ತಾ ಕುಳಿತುಬಿಟ್ಟರು.

"ನಾನು ಇನ್ನು ಮಾಡಲ್ಲ," ಎಂದಳು ಟೈಲರಕ್ಕ. "ನನ್ನ ಕೈಯಾರೆ ಕೊಟ್ಟೆ."

ಗಂಡ ಅವಳ ಪಕ್ಕ ಬಂದು ಕುಳಿತ. "ನಾವು ಲಿಫ್ಟ್ ಬಿಚ್ಚಿದಾಗ ಎಲ್ಲಾ ಮಹಡೀಲೂ ಬೋರ್ಡ್ ನೇತುಹಾಕ್ತೀವಿ. ನೂರು ಜನರಲ್ಲಿ ತೊಂಬತ್ತೊಂಬತ್ತು ಜನ ಅದನ್ನ ಓದೋದೂ ಇಲ್ಲ. ಆ ಒಬ್ಬರಿಗೋಸ್ಕರ ಹಾಕ್ತೀವಿ. ನೀನು ಬೋರ್ಡ್ ಹಾಕ್ಲಿಲ್ಲ, ಅಷ್ಟೇ ತಪ್ಪು. ಮಾಡೋದು ಬಿಡೋದು ಆಮೇಲೆ ಯೋಚಿಸು, ಮೊದಲು ಅವರ ಮನೆಗೆ ಹೋಗಿ ಬಾ."

ಹೋದಳು. ಅದು ಎರಡನೇ ದಿನ, ಹುಡುಗಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು, ಆದರೆ ತಾಯಿ ಬಾಗಿಲಲ್ಲೇ ಅಡ್ಡ ನಿಂತರು. "ಹೇಳದೆ ಬದಲಾಯಿಸಿದ್ದು ನನ್ನ ತಪ್ಪು," ಎಂದಳು ಟೈಲರಕ್ಕ. ಬಾಗಿಲು ಮುಚ್ಚಿಕೊಂಡಿತು.

ನರ್ಸಮ್ಮ ಬಿಡಲಿಲ್ಲ. ರಜೆಯ ದಿನ ಟೈಲರಕ್ಕನನ್ನು ಕರೆದುಕೊಂಡು ಹೋಗಿ ಆಹಾರ ಮಾರುವವರ ನೋಂದಣಿ ಮಾಡಿಸಿದರು. ಮನೆಯ ಅಡುಗೆಯ ಜಾರು ಬೇರೆ, ಮಾಚಾದ ಜಾರು ಬೇರೆ ಆಯಿತು. ಗೋಡಂಬಿ, ಬಾದಾಮಿ, ಶೇಂಗಾ ಪಾನೀಯದ ಹತ್ತಿರ ಸುಳಿಯಬಾರದೆಂದು ಅತ್ತೆಯೇ ಕಟ್ಟಪ್ಪಣೆ ಮಾಡಿ, ಅವನ್ನೆಲ್ಲ ಡಬ್ಬಕ್ಕೆ ತುಂಬಿ ತಮ್ಮ ಕಪಾಟಿಗೆ ಸೇರಿಸಿದರು. ಹೊಸ ಗಿರಾಕಿಗೆ ಮೊದಲ ಪ್ರಶ್ನೆ: "ನಿಮಗೆ ಏನಾದ್ರೂ ಒಗ್ಗಲ್ವಾ?" ಏನಾದರೂ ಮುಗಿದರೆ ಫೋನ್ ಮಾಡಿ ಕೇಳುವುದು, ಒಪ್ಪದಿದ್ದರೆ ಅವತ್ತು ಬಾಟಲಿಯೇ ಇಲ್ಲ. ಟೈಲರಕ್ಕ ಕೈಯಲ್ಲೇ ಚೀಟಿ ಬರೆದಳು. ಯಾವ ಹಾಲು, ಎಷ್ಟು ಹೊತ್ತಿಗೆ ಮಾಡಿದ್ದು, ಎಷ್ಟು ಹೊತ್ತಿನೊಳಗೆ ಕುಡಿಯಬೇಕು. ಕೊನೆಗೆ ಒಂದು ಸಾಲು: 'ಇದರಲ್ಲಿ ಕಾಫಿಯಲ್ಲಿರುವಂಥ ಕೆಫೀನ್ ಇದೆ. ಮಕ್ಕಳಿಗೆ ಬೇಡ. ಬಸುರಿಯರು ಡಾಕ್ಟರನ್ನು ಕೇಳಿ ಕುಡಿಯಿರಿ.'

ಐದು ಬಾಟಲಿಯಿಂದ ಮತ್ತೆ ಶುರುವಾಯಿತು. ಪ್ರತಿ ಬಾಟಲಿ ತುಂಬುವಾಗಲೂ ಅವಳಿಗೆ ಆ ಸೀಟಿಯ ಸದ್ದು ಕೇಳಿಸುತ್ತಿತ್ತು.

ತಿಂಗಳ ಮೇಲೆ ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಹುಡುಗಿಯ ತಾಯಿ. ತಾಯಿ ಕೂರಲಿಲ್ಲ. ಸೀದಾ ಅಡುಗೆಮನೆಗೆ ನಡೆದರು. ಜಾರು ಎತ್ತಿ ಬೆಳಕಿಗೆ ಹಿಡಿದರು, ಬ್ಲೇಡಿನ ಬುಡಕ್ಕೆ ಬೆರಳಾಡಿಸಿದರು. ಫ್ರಿಜ್ಜು ತೆರೆದು ಒಂದೊಂದೇ ಡಬ್ಬ ಮೂಸಿದರು. ಬಾಟಲಿಗಳನ್ನು ತಿರುಗಿಸಿ ಎಲ್ಲಾ ಚೀಟಿ ಓದಿದರು.

"ಗೋಡಂಬಿ ಎಲ್ಲಿ?"

"ನನ್ನ ಕಪಾಟಲ್ಲಿದೆ, ಬೀಗ ಹಾಕಿದ್ದೀನಿ," ಎಂದರು ಅತ್ತೆ, ಸೊಂಟದ ಬೀಗದ ಕೈ ತೋರಿಸುತ್ತಾ.

ತಾಯಿ ಟೈಲರಕ್ಕನ ಕಡೆ ತಿರುಗಿದರು.

"ಅವಳು ದಿನಾ ಕೇಳ್ತಾಳೆ. ತೆಂಗಿನ ಹಾಲಿಂದು, ಎರಡು. ಮೊದಲನೇದನ್ನ ನಾನು ಕುಡಿದು ನೋಡ್ತೀನಿ."

ಅಕ್ಕಂದಿರೇ, ತಂಗಿಯರೇ, ಮನೆಯಲ್ಲೇ ಏನಾದರೂ ಮಾಡಿ ಮಾರುವ ಆಸೆ ನಿಮಗೂ ಇದೆಯೇ? ಖಂಡಿತ ಮಾಡಿ. ಅದಕ್ಕೆ ದೊಡ್ಡ ಬಂಡವಾಳ ಬೇಡ, ಇದ್ದ ಪಾತ್ರೆಯಲ್ಲೇ ಐದು ಬಾಟಲಿಯಿಂದ ಶುರುಮಾಡಿ. ಆದರೆ ನೋಂದಣಿ ಮಾಡಿಸಿ. ಕುಡಿಯುವವರಿಗೆ ಏನು ಒಗ್ಗುವುದಿಲ್ಲ ಎಂದು ಬಾಯಿಬಿಟ್ಟು ಕೇಳಿ. ಒಳಗಿರುವುದನ್ನು ಹೊರಗೆ ಬರೆಯಿರಿ. ಹೇಳದೆ ಏನನ್ನೂ ಬದಲಾಯಿಸಬೇಡಿ, ಒಳ್ಳೆಯದನ್ನೇ ಹಾಕುತ್ತಿದ್ದರೂ. ಯಾರಿಗಾದರೂ ತಿಂದ ಕೂಡಲೇ ತುಟಿ ಊದಿ ಉಸಿರು ಕಟ್ಟಿದರೆ, ಕಾಯಬೇಡಿ, ಮನೆಮದ್ದು ಹುಡುಕಬೇಡಿ, ತಕ್ಷಣ ಆಂಬುಲೆನ್ಸ್ ಕರೆಯಿರಿ. ನಾಳೆ ಬೆಳಿಗ್ಗೆ ನೀವು ಕೊಡುವ ಬಾಟಲಿಯನ್ನು ಯಾರದೋ ಮಗಳು ನಿಮ್ಮನ್ನು ನಂಬಿ ಬಾಯಿಗಿಡುತ್ತಾಳೆ. ಚೀಟಿ ಅಂಟಿಸಿಯೇ ಅವಳ ಕೈಗೆ ಕೊಡಿ.